ಬೇವಿನ ಟೊಂಗೆಗೆ ಇಂಜಿನಿಯರ್ ಪ್ಯಾಂಟು

ನಮ್ಮ ಹೈಸ್ಕೂಲಿಗೆ ಪ್ರಯೋಗಾಲಯವಿಲ್ಲ, ಒಂದು ಬೇವಿನ ಮರವಿದೆ. ಹನ್ನೊಂದು ವರ್ಷದಿಂದ ಎಲೆ, ಬೇರು, ನೆರಳಿನ ಉದ್ದ ಎಲ್ಲವನ್ನೂ ನಾನು ಅದರ ಬುಡದಲ್ಲೇ ಕಲಿಸಿದ್ದೇನೆ. ಅಂಥ ಮರ ಕಡಿದು ಸೈಕಲ್ ಶೆಡ್ ಕಟ್ಟಿಸಬೇಕೆಂದು ನಮ್ಮ ಹೆಡ್‌ಮಾಸ್ತರ ಹಾಲಸಿದ್ದಪ್ಪನವರಿಗೆ ಯಾವ ಕೆಟ್ಟ ಗಳಿಗೆಯಲ್ಲಿ ಹೊಳೆಯಿತೋ! ಮನುಷ್ಯ ಕೆಟ್ಟವರಲ್ಲ. ನಕ್ಷೆಯಲ್ಲಿ ಗೆರೆ ಎಲ್ಲಿ ಬಿದ್ದಿದೆಯೋ ಅಲ್ಲೇ ಕಂಬ ನೆಡಬೇಕು ಅನ್ನುವ ಜಾತಿ, ಅಷ್ಟೇ.

ಜಾಗ ನೋಡಿ ಒಪ್ಪಿಗೆ ಕೊಡಲು ಹಾವೇರಿಯಿಂದ ಇಂಜಿನಿಯರ್ ಬರುತ್ತಾರೆಂದು ಗೊತ್ತಾಯಿತು. ನಮ್ಮ ಇಕೋ ಕ್ಲಬ್ಬಿನ ನಾಯಕಿ, ಒಂಬತ್ತನೇ ತರಗತಿಯ ಮಹೇಶ್ವರಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಟೀಚರ್ರೀ, ನಮ್ಮ ಗೊಬ್ಬರದ ಗುಂಡಿ, ಕೈತೋಟ ಎಲ್ಲಾ ತೋರಸೂಣ್ರಿ. ಇಷ್ಟ ಹಸರ ಮಾಡಿದ ಸಾಲ್ಯಾಗ ಮರಾ ಕಡೀರಿ ಅನ್ನಾಕ ಅವರಿಗೆ ನಾಚಿಕಿ ಬರಬೇಕು!"

ಆದರೆ ಬಂದವರನ್ನು ಕೂರಿಸುವುದು ಎಲ್ಲಿ? ಪ್ಲಾಸ್ಟಿಕ್ ಕುರ್ಚಿ ಬೇಡವೆಂದು ನಾವೇ ಹಟ ಹಿಡಿದು ಹೊರಗೆ ಹಾಕಿಸಿದ್ದೆವು. ಉಳಿದದ್ದು ಒರಟು ಬೆಂಚುಗಳು. ಮಹೇಶ್ವರಿಯ ಅಜ್ಜಿ ಗುಡ್ಡವ್ವ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಅಲ್ಲಿಂದ ಹರಿದ ಗೋಣಿಚೀಲ ತಂದುಕೊಟ್ಟಳು. ಮಕ್ಕಳು ಹಳೇ ಸೀರೆ ತುಂಬಿ ಚೆಂದದ ಮೆತ್ತೆ ಹೊಲಿದರು.

"ಒಮ್ಮೆ ಒಗೀರೇ" ಎಂದೆ. ಮಹೇಶ್ವರಿ ಗೋಡೆಯತ್ತ ಬೆರಳು ತೋರಿಸಿದಳು. 'ನೀರು ಉಳಿಸಿ' ಎಂದು ಅಲ್ಲಿ ಬರೆಸಿದವಳು ನಾನೇ. ಝಾಡಿಸಿದರೆ ಸಾಕೆಂದು ತೀರ್ಮಾನವಾಯಿತು. ಮೂಗಿಗೆ ಹಿಡಿದು ನೋಡಿದೆ, ಯಾವ ಘಾಟೂ ಬರಲಿಲ್ಲ. ಬರುವುದಾದರೂ ಹೇಗೆ? ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿ ಪೇಟೆಯಲ್ಲಿ. ತೊಟ್ಟಿಲಲ್ಲೇ ಮೆಣಸಿನಕಾಯಿ ಧೂಳು ಕುಡಿದವರು ನಾವು.

ಇಂಜಿನಿಯರ್ ಕಾರವಾರದ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಏಪ್ರಿಲ್ ತಿಂಗಳ ಬಿಸಿಲಿಗೆ ಬೆವೆತು, ಹಾಲಿನಂಥ ಬಿಳಿ ಪ್ಯಾಂಟು ಹಾಕಿಕೊಂಡು ಬಂದರು. ತಗಡಿನ ಮಾಡಿನ ಕೋಣೆಯಲ್ಲಿ ಮೆತ್ತೆಯ ಮೇಲೆ ಕೂತರು. ಮಹೇಶ್ವರಿ "ಮಾನ್ಯರೇ" ಎನ್ನುತ್ತಲೇ ಮೊದಲ ಸೀನು ಬಂತು. ಗೊಬ್ಬರದ ಗುಂಡಿಯ ವರದಿ ಮುಗಿಯುವಷ್ಟರಲ್ಲಿ ಸೀನಿಗೆ ಲೆಕ್ಕವಿರಲಿಲ್ಲ, ಕಣ್ಣು ಕೆಂಡವಾಗಿತ್ತು. ಅಷ್ಟರಲ್ಲಿ ಅವರು ಚೇಳು ಕಡಿದವರಂತೆ ಎದ್ದು ನಿಂತರು. ಪ್ಯಾಂಟಿನ ಹಿಂಭಾಗ ಕೆಂಪೋ ಕೆಂಪು! ಮಕ್ಕಳು ನಗು ತಡೆಯಲು ಅಂಗೈ ಕಚ್ಚಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಗಿಯಿತು, ಮರದ ಕಥೆ ಮುಗಿಯಿತು.

ಮೊಮ್ಮಗಳ ಭಾಷಣ ಕೇಳಲು ಬಂದಿದ್ದ ಗುಡ್ಡವ್ವ ಮುಂದೆ ಬಂದಳು.

"ಪ್ಯಾಂಟ್ ಬಿಚ್ಚಿ ಕೊಡ್ರಿ ಸಾಹೇಬ್ರ, ಲಗೂನ ಒಗದ ಕೊಡ್ತೇನಿ. ಹೆದರಬ್ಯಾಡ್ರಿ, ನಮ್ಮ ಬ್ಯಾಡಗಿ ಕಾಯಿಗೆ ಬಣ್ಣಾ ಜಾಸ್ತಿ, ಖಾರಾ ಕಡಿಮಿ."

"ಕಡಿಮೆಯಾ? ಕೂತವನನ್ನು ಕೇಳಮ್ಮ!" ಎಂದರು ಇಂಜಿನಿಯರ್, ಮತ್ತೊಮ್ಮೆ ಸೀನಿ.

ಶನಿವಾರ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಲೆಂದು ಹೆಡ್‌ಮಾಸ್ತರರು ಬೀರುವಿನಲ್ಲಿ ಮಡಚಿಟ್ಟಿದ್ದ ಧೋತರ ಹೊರಬಂತು. ಅದನ್ನುಟ್ಟ ಸಾಹೇಬರಿಗೆ ಘಾಟು ತುಂಬಿದ ಕೋಣೆಯೊಳಗೆ ಕಾಲಿಡುವ ಧೈರ್ಯವಾಗಲಿಲ್ಲ. ಅಂಗಳದಲ್ಲಿ ಬೆಂಕಿಯಂಥ ಬಿಸಿಲು. ಬೇರೆ ದಾರಿಯಿಲ್ಲದೆ ಬೇವಿನ ಕಟ್ಟೆಯ ಮೇಲೆ ಕೂತರು. ಗುಡ್ಡವ್ವ ಪ್ಯಾಂಟು ಒಗೆದು ಕೆಳಗಿನ ಟೊಂಗೆಗೆ ಹಾಕಿದಳು. ಕೆಂಪು ನೀರನ್ನು ಮರದ ಬುಡಕ್ಕೇ ಸುರಿದಳು. ನೀರು ದಂಡವಾಗಬಾರದಲ್ಲ!

ತಂಪು ಗಾಳಿ ಬೀಸುತ್ತಿತ್ತು. ಸಾಹೇಬರ ಸೀನು ನಿಂತಿತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಅವರು ಎದ್ದು ಕಣ್ಣುಜ್ಜಿಕೊಳ್ಳುವಾಗ ಹೆಡ್‌ಮಾಸ್ತರರು ನಕ್ಷೆ ಹಿಡಿದು ಎದುರಿಗೇ ನಿಂತಿದ್ದರು.

"ಸಾಹೇಬ್ರ, ಶೆಡ್ಡಿನ ಜಾಗಾ ಇದ ನೋಡ್ರಿ. ಈ ಮರಾ ಒಂದ ತಗದ್ವಿ ಅಂದ್ರ ಆತು."

"ಶೆಡ್ ಯಾಕೆ ಬೇಕು?"

"ಸೈಕಲ್ ಬಿಸಲಾಗ ನಿಂತು ಟೈರ್ ಒಡದ ಹೊಕ್ಕಾವ್ರಿ. ನೆರಳ ಬೇಕಲ್ರಿ."

ಇಂಜಿನಿಯರ್ ತಲೆಯೆತ್ತಿ ತಮ್ಮ ಪ್ಯಾಂಟು ನೋಡಿದರು, ಅದರ ಮೇಲಿನ ಹಸಿರು ನೋಡಿದರು.

"ನೆರಳಿಗೋಸ್ಕರ ಮರ ಕಡಿಯಬೇಕು ಅಂತೀರಲ್ಲ, ಹೆಡ್‌ಮಾಸ್ತರೇ?"

ಹಾಲಸಿದ್ದಪ್ಪನವರು ನಕ್ಷೆ ನೋಡಿದರು, ಮರ ನೋಡಿದರು. ಕೊನೆಗೆ ನಕ್ಷೆಯನ್ನು ಸಾಹೇಬರ ಕೈಗೇ ಕೊಟ್ಟರು. ಸಾಹೇಬರು ಪೆನ್ನು ತೆಗೆದು ಶೆಡ್ಡಿನ ಮೇಲೆ ಅಡ್ಡಗೆರೆ ಎಳೆದು, 'ಸೈಕಲ್ ಮರದ ಕೆಳಗೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಅರೆ ಒಣಗಿದ ಪ್ಯಾಂಟು ಹಾಕಿಕೊಂಡು, ಜೀಪಿನ ಸೀಟನ್ನು ಎರಡು ಸಲ ಕೈಯಿಂದ ಝಾಡಿಸಿ ಕೂತರು.

ಜೀಪು ಹೋದ ಮೇಲೆ ನೋಡಿದರೆ ಮಹೇಶ್ವರಿ ಮರಕ್ಕೆ ಮುಖ ಮಾಡಿ ನಿಂತಿದ್ದಳು. ಹೆಗಲು ನಡುಗುತ್ತಿತ್ತು.

"ಯಾಕವಾ, ಅಳಾಕತ್ತೀ?"

"ಇಲ್ರೀ ಟೀಚರ್, ಮೆಣಸಿನಕಾಯಿ ಘಾಟ್ರೀ" ಎಂದು ಓಢಣಿಯಲ್ಲಿ ಕಣ್ಣೊರೆಸಿಕೊಂಡಳು.

ಬ್ಯಾಡಗಿಯ ಹುಡುಗಿಗೆ ಮೆಣಸಿನಕಾಯಿ ಘಾಟು ಹತ್ತಿತಂತೆ! ಬೈಯೋಣವೆಂದುಕೊಂಡೆ. ಆದರೆ ಅಷ್ಟರಲ್ಲಿ ನನಗೂ ಹತ್ತಿತ್ತು.