ಗೋಲಾಯಿತು, ಆಮೇಲೆ?

ಮಳೆಯಲ್ಲಿ ನೆನೆದ ಚರ್ಮದ ಚೆಂಡು ಕಲ್ಲಿನಷ್ಟು ಭಾರ. ಹಣೆಯಿಂದ ಹೊಡೆದ ಪ್ರತಿ ಚೆಂಡೂ ಹೊಡೆದವನ ತಲೆಗೇ ಬಿದ್ದ ಪೆಟ್ಟು. ಇದು ನಿಮಗೆ ಗೊತ್ತಿರಬೇಕಿತ್ತು. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಸುತ್ತ ಕೂತು ಚಪ್ಪಾಳೆ ತಟ್ಟಿದ ನಮಗೆಲ್ಲರಿಗೂ ಗೊತ್ತಿರಬೇಕಿತ್ತು.

"ಆಮೇಲೆ?" ಎಂದು ಕೇಳುತ್ತಿದ್ದವನು ಕಂಡಕ್ಟರಣ್ಣ ಒಬ್ಬನೇ. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ವರ್ಷಗಳೇ ಕಳೆದರೂ, ನೆಲ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕೀತೆಂಬ ಅನುಮಾನದಲ್ಲಿ ಕಾಲು ಅಗಲಿಸಿಯೇ ನಡೆಯುವ, ಮೊಣಕೈ ಸವೆದ ಖಾಕಿ ಕೋಟನ್ನು ಉರಿಬಿಸಿಲಿನಲ್ಲೂ ಬಿಚ್ಚದ, ಅರ್ಧ ಖಾಲಿ ಗ್ಯಾಲರಿಯಲ್ಲೂ ಕೂರದೆ ನಿಂತೇ ಆಟ ನೋಡುವ ಆಸಾಮಿ. ಪಂದ್ಯಕ್ಕೆ ಮುನ್ನ ಗೇಟಿನೆದುರಿನ ಚಹಾದಂಗಡಿಯಲ್ಲಿ ನಾವು ಹಳೇ ಆಟಗಾರರ ಪುರಾಣ ಬಿಚ್ಚಿದರೆ, ಮಾತು ತಪ್ಪದೆ ಸುತ್ತಿಗೆಗೆ ಬಂದು ನಿಲ್ಲುತ್ತಿತ್ತು. ಸುತ್ತಿಗೆ ಅಂದರೆ ನಮ್ಮ ಸೆಂಟರ್ ಫಾರ್ವರ್ಡ್. ಕಾಲಿಗಿಂತ ತಲೆಯಿಂದಲೇ ಹೆಚ್ಚು ಗೋಲು ಹೊಡೆದದ್ದಕ್ಕೆ ನಾವೇ ಇಟ್ಟ ಹೆಸರು.

"ಫೈನಲ್ ದಿನ ಏನ್ ಮಳೆ ಅಂತೀಯ! ಕಾರ್ನರ್ ಬಂತು, ಹಾರಿದ, ಧಡ್ ಅಂತ ಹೊಡೆದ, ಗೋಲ್‌ಕೀಪರ್ ಕಣ್ಣು ಮಿಟುಕಿಸೋದ್ರೊಳಗೆ ಗೋಲು!" ಎಂದು ನಮ್ಮ ಗುಂಪಿನ ದರ್ಜಿ ಗ್ಲಾಸು ಹಿಡಿದೇ ಕುಣಿಯುತ್ತಿದ್ದ.

"ಆಮೇಲೆ?" ಕಂಡಕ್ಟರಣ್ಣ ಕೇಳುತ್ತಿದ್ದ.

"ಆಮೇಲೇನು, ಕಪ್ ನಮ್ಮದಾಯ್ತು!"

"ಅವನಿಗೇನಾಯ್ತು?"

"ಶುರು ಹಚ್ಕೊಂಡ ನೋಡಪ್ಪ. ಇವನು ರೈಟ್ ಅನ್ನೋವರೆಗೂ ಬಸ್ಸು ಮುಂದಕ್ಕೆ ಹೋಗಲ್ಲ!"

ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಆಮೇಲೆ ಆದದ್ದು ಅವನ ಪಕ್ಕದ ಬೆಂಚಿನಲ್ಲೇ ಕೂತಿರುತ್ತಿತ್ತು: ಚಹಾಕ್ಕೆ ಅದ್ದಿದ ಬಿಸ್ಕತ್ತನ್ನು ತಿನ್ನಲು ಮರೆತ, ಕಟ್ಟಿಕೊಂಡ ಹೆಂಡತಿಯನ್ನೇ "ಅಮ್ಮಾ, ನೀವ್ಯಾರು?" ಎಂದು ಕೇಳುವ ಸುತ್ತಿಗೆ. ತನ್ನದೇ ಗೋಲಿನ ಕಥೆ ಕೇಳಿ, "ಭಾರಿ ಹೊಡೆದ! ಯಾರಪ್ಪ ಅವನು?" ಎಂದು ಚಪ್ಪಾಳೆ ತಟ್ಟುತ್ತಿದ್ದ. ಆ ಹೊಡೆತಗಳೇ ಅವನ ನೆನಪನ್ನು ತಿಂದವೆಂದು ವೈದ್ಯರು ಹೇಳಿದ್ದರು. ಪ್ರತಿ ಪಂದ್ಯಕ್ಕೂ ಅವನನ್ನು ಮನೆಯಿಂದ ಕೈಹಿಡಿದು ಕರೆತರುವುದು ಕಂಡಕ್ಟರಣ್ಣನ ಹಟ. ಕಾರ್ನರ್ ಸಿಕ್ಕಾಗ ಮಾತ್ರ ಆ ಬಾಗಿದ ಕುತ್ತಿಗೆ ತಾನಾಗಿ ಬಿಗಿದು ನೆಟ್ಟಗಾಗುತ್ತಿತ್ತು.

ಹಾಗೆ ನೆಟ್ಟಗಾದವನು ಒಮ್ಮೆ ಗೆರೆ ದಾಟಿ ಮೈದಾನಕ್ಕೇ ಓಡಿದ. ಮುಂದಿನ ಭಾನುವಾರ ಕ್ಲಬ್ಬಿನ ಕಾರ್ಯದರ್ಶಿ ಗೇಟಿನಲ್ಲೇ ತಡೆದರು.

"ಇವರನ್ನ ಇನ್ಮೇಲೆ ಕರ್ಕೊಂಡು ಬರಬೇಡಿ, ಆಟಕ್ಕೆ ತೊಂದರೆ. ಒಳಗೆ ಇವರ ಫೋಟೋ ಹಾಕಿದೀವಲ್ಲ, ಸಾಲದಾ?"

"ಫೋಟೋಗೆ ತಲೆ ನೋಯಲ್ಲ ಸಾರ್. ಇವನನ್ನ ಬಿಡೋವರೆಗೂ ನಾನೂ ಒಳಗೆ ಬರಲ್ಲ." ಕಾಲು ಅಗಲಿಸಿ ನಿಂತವನು ನಮ್ಮತ್ತ ತಿರುಗಿದ. "ಆ ಗೋಲು ಕಣ್ಣಾರೆ ನೋಡಿದೋರು ಯಾರ್ಯಾರಪ್ಪಾ?"

ಎಲ್ಲರ ಕೈಗಳೂ ಮೇಲೆದ್ದವು.

"ಹಾಗಾದ್ರೆ ಬನ್ನಿ, ಜೊತೆಗೆ ನಿಲ್ಲಿ."

ಕೈಗಳು ಇಳಿದವು. ಆಟಕ್ಕೆ ಹೊತ್ತಾಯಿತೆಂದು ಗೊಣಗುತ್ತ ಒಬ್ಬೊಬ್ಬರೇ ಒಳಗೆ ಜಾರಿದರು. ದರ್ಜಿ ಮಾತ್ರ ಅರ್ಧ ದಾರಿಯಿಂದ ತಿರುಗಿ ಬಂದ. "ಹಾಗೆ ನೋಡಬೇಡಪ್ಪ, ಬಂದ್ನಲ್ಲ" ಎನ್ನುತ್ತ ಪಕ್ಕಕ್ಕೆ ನಿಂತ. ನಾನೂ ನಿಂತೆ. ಗೇಟು ತೆರೆಯಲಿಲ್ಲ. ಒಳಗೆ "ಕಾರ್ನರ್!" ಎಂಬ ಕೂಗೆದ್ದಾಗ, ಕಂಬಿಗಳ ಈಚೆ, ಸುತ್ತಿಗೆಯ ಕುತ್ತಿಗೆ ನೆಟ್ಟಗಾಯಿತು.

ಅಂದಿನಿಂದ ಪ್ರತಿ ಪಂದ್ಯಕ್ಕೂ ಅದೇ ಗೇಟು, ಅದೇ ಖಾಕಿ ಕೋಟು, ಅದೇ ಹಟ. ಗೆಲುವಿನಲ್ಲಿ ಪಾಲು ಕೇಳುವ ಅಭಿಮಾನಿಗಳು ಅಸಂಖ್ಯರು; ಗೆಲುವಿಗಾಗಿ ಸವೆದ ದೇಹವನ್ನು ಕೈಹಿಡಿದು ನಡೆಸುವವರು ವಿರಳ. ಆಟಕ್ಕೊಂದು ಅಂತಃಸಾಕ್ಷಿ ಉಳಿದಿದ್ದರೆ ಅದು ಇಂಥವರ ಮೊಂಡುತನದಲ್ಲಿ.

"ಆ ಗೋಲು ನಾನು ನೋಡಿದ್ದೇನೆ" ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದಿರಲ್ಲ, ಬರುವ ಭಾನುವಾರ ಗೇಟಿಗೆ ಬಂದು ಕಂಡಕ್ಟರಣ್ಣನ ಪಕ್ಕ ನಿಲ್ಲಿ.