ಪೂರ್ವದ ಗೋಡೆಯಲ್ಲಿ ಮೂರು ಇಂಚು

ಹೆಂಗಸು ಪೈಪು ಜೋಡಿಸುತ್ತಾಳೆ ಅಂದರೆ ಗುರುವಾಯನಕೆರೆಯಲ್ಲಿ ಈಗ ಯಾರೂ ತಿರುಗಿ ನೋಡುವುದಿಲ್ಲ. ಹನ್ನೊಂದು ವರ್ಷ ನೋಡಿ ನೋಡಿ ಅವರಿಗೇ ಸಾಕಾಗಿದೆ. ಹೊಸ ಜಾಗಕ್ಕೆ ಹೋದರೆ ಮಾತ್ರ ಮೊದಲ ದಿನ ಒಂದು ಪ್ರಶ್ನೆ ಇದ್ದದ್ದೇ: ಪ್ಲಂಬರ್ ಎಲ್ಲಿ? ನಾನೇ ಅಂದರೆ, ಅಲ್ಲ, ಕೆಲಸ ಮಾಡುವವರು ಎಲ್ಲಿ ಅಂತ ಇನ್ನೊಂದು. ಮಿಜಾರಿನಲ್ಲಿ ಕೃಷ್ಣಕುಮಾರ ಮಾಸ್ಟ್ರು ಕಟ್ಟಿಸುತ್ತಿದ್ದ ಮನೆಯಲ್ಲಿ ಯಾರೂ ಹಾಗೆ ಕೇಳಲಿಲ್ಲ. ಮಾಸ್ಟ್ರ ಹೆಂಡತಿ ರಾಜೀವಿಯಕ್ಕ ನನ್ನ ಸ್ಕೂಟರಿಗೆ ಕಟ್ಟಿದ ಚೀಲವನ್ನು ನೋಡಿ, ದೀಪಶ್ರೀ ಅಂದರೆ ನೀನಾ, ಅಡುಗೆಮನೆಯದ್ದು ಮೊದಲು ಮಾಡು ಅಂದರು. ಆ ಮಾತಿಗೇ ನಾನು ಅವರ ಕಡೆಯವಳಾದೆ.

ಕಂಟ್ರಾಕ್ಟರ್ ದೇವಿಪ್ರಸಾದ್ ಮೂಡುಬಿದಿರೆಯವರು. ಕಲ್ಲು ಒಳ್ಳೆಯದು ಹಾಕುತ್ತಾರೆ, ಮಾತೂ ಒಳ್ಳೆಯದೇ ಆಡುತ್ತಾರೆ. ಗುರುವಾಯನಕೆರೆಯಲ್ಲಿ ಮುಂದೆ ಎಂಟು ಮನೆಗಳ ಕೆಲಸ ಉಂಟು, ಎಂಟೂ ನಿಮಗೇ ಅಂತ ನನಗೆ ಹೇಳಿಟ್ಟಿದ್ದರು. ನಾನು ಖುಷಿಯಲ್ಲೇ ಅಡುಗೆಮನೆಗೆ ಕಾಲಿಟ್ಟೆ. ಸಿಂಕಿನ ಜಾಗ ಪೂರ್ವದ ಗೋಡೆಗೆ ತಾಗಿ ಇತ್ತು. ಅದರ ನೀರು ಹೋಗಬೇಕಾದ ಇಂಗುಗುಂಡಿ ಮನೆಯ ಪಶ್ಚಿಮಕ್ಕೆ. ಗೋಡೆಗೆ ಒಂದು ತೂತು ಹೊಡೆದರೆ ಎಂಟು ಇಂಚಿನಲ್ಲಿ ಹೊರಗೆ ಬೀಳುವ ನೀರನ್ನು ಮೂವತ್ತೆರಡು ಅಡಿ ಮನೆಯ ಅಡಿಯಲ್ಲೇ ಮೆರವಣಿಗೆ ಮಾಡಿಸುವುದು ಯಾಕೆ ಅಂತ ಕೇಳಿದೆ. ವಾಸ್ತು ನೋಡಿದವರು ಎಂಜಲು ನೀರು ಪೂರ್ವಕ್ಕೆ ಹೋಗಬಾರದು ಅಂದಿದ್ದಾರೆ ಎಂದರು ಮಾಸ್ಟ್ರು.

ಆಯಿತು, ಅದೂ ಇರಲಿ. ದೊಡ್ಡ ಪೈಪು ಹಾಕಿ ಸರಿಯಾದ ವಾಟ ಕೊಟ್ಟರೆ ನೀರು ಮೂವತ್ತೆರಡು ಅಡಿಯೂ ಹೋಗುತ್ತದೆ. ವಾಟ ಅಂದರೆ ಇಳಿಜಾರು. ಅಡಿಗೆ ಕಾಲು ಇಂಚು ಇಳಿಯಬೇಕು, ಮೂವತ್ತೆರಡು ಅಡಿಗೆ ಎಂಟು ಇಂಚು. ಗಣಿತ ಕಲಿಸಿ ನಿವೃತ್ತರಾದ ಮಾಸ್ಟ್ರಿಗೆ ಈ ಲೆಕ್ಕವನ್ನು ನಾನು ಹೇಳಿಕೊಡಬೇಕಾಯಿತು, ಏನು ಮಾಡುವುದು. ಪೈಪಿಗೆಂದು ಒಂದು ಸಾಲು ಬಿಟ್ಟು ನೆಲದ ಕಾಂಕ್ರೀಟು ಆಗಲೇ ಮುಗಿದಿತ್ತು. ಕೆಳಗಿನ ಬೀಮಿನಲ್ಲಿ ಬಿಟ್ಟಿದ್ದ ತೂತಿನಲ್ಲಿ ತೂರುವುದು ಒಂದೂವರೆ ಇಂಚಿನ ಪೈಪು ಮಾತ್ರ. ಆ ತೂತಿನ ಎತ್ತರಕ್ಕೆ ಸಿಗುವ ಇಳಿಜಾರು ಒಟ್ಟು ಮೂರು ಇಂಚು. ಬೀಮನ್ನು ಮತ್ತೆ ಕೊರೆಯುವ ಹಾಗಿಲ್ಲ.

ಸಿಂಕಿನ ಬಾಯಿಯೇ ಒಂದೂವರೆ ಇಂಚು, ಪೈಪು ಅದಕ್ಕಿಂತ ದೊಡ್ಡದು ಯಾಕೆ ಅಂತ ದೇವಿಪ್ರಸಾದ್ ನಕ್ಕರು. ಬಸ್ಸಿನ ಬಾಗಿಲು ಎರಡಡಿ ಅಂತ ರಸ್ತೆಯನ್ನೂ ಎರಡಡಿ ಮಾಡುತ್ತಾರಾ ಅಂತ ನಾನು ಕೇಳಿದೆ. ಅವರ ನಗು ನಿಂತಿತು. ನನ್ನ ಬಾಯಿ ಹೀಗೆಯೇ, ಅದರಿಂದ ಕಳೆದುಕೊಂಡ ಕೆಲಸಗಳಿಗೆ ಕಡಿಮೆಯಿಲ್ಲ.

ಬರೀ ಪಾತ್ರೆ ತೊಳೆದ ನೀರಾದರೆ ನಾನು ಅಷ್ಟು ಹಟ ಹಿಡಿಯುತ್ತಿರಲಿಲ್ಲ. ಆದರೆ ಇದು ಕುಚ್ಚಲಕ್ಕಿ ಉಣ್ಣುವ ಮನೆ. ಕುಚ್ಚಲಕ್ಕಿಗೆ ಅಳತೆಯ ನೀರಿಟ್ಟು ಮುಚ್ಚುವ ಕ್ರಮವಿಲ್ಲ. ಹಂಡೆಯಷ್ಟು ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಅನ್ನದ ದಪ್ಪ ತಿಳಿಯನ್ನು ಬಸಿದು ತೆಗೆಯಬೇಕು. ಮೊದಲು ಹಟ್ಟಿಯಲ್ಲಿ ದನ ಇತ್ತು, ತಿಳಿ ಅದಕ್ಕೆ ಹೋಗುತ್ತಿತ್ತು. ಈಗ ದನವೂ ಇಲ್ಲ ಹಟ್ಟಿಯೂ ಇಲ್ಲ, ತಿಳಿ ಮಾತ್ರ ದಿನಾ ಉಂಟು. ಅದು ತಣಿದರೆ ಅಂಟು. ಸಣ್ಣ ಪೈಪಿನಲ್ಲಿ, ಇಳಿಜಾರಿಲ್ಲದೆ ನಿಧಾನಕ್ಕೆ ಹೋಗುವಾಗ ಅದು ದಾರಿಯಲ್ಲೇ ತಣಿಯುತ್ತದೆ. ನಕ್ಷೆ ಬರೆದವರು ಕುಕ್ಕರಿನ ಅನ್ನ ಉಣ್ಣುವವರು, ಅವರಿಗೆ ಗೊತ್ತಿರಲಿಕ್ಕಿಲ್ಲ. ಮಾಸ್ಟ್ರಿಗೂ ಹೊಳೆಯಲಿಲ್ಲ ಅನ್ನುವುದು ನನ್ನ ಸಿಟ್ಟು. ಬೆಳಿಗ್ಗೆ ಸಂಜೆ ಗಂಜಿ ಇಲ್ಲದೆ ಆಗದ ಮನುಷ್ಯ ಅವರು.

ಮಧ್ಯಾಹ್ನ ಕೆಲಸದವರಿಗೆ ಬಡಿಸುವಾಗ ರಾಜೀವಿಯಕ್ಕ ನನ್ನ ಹತ್ತಿರ ಮೆಲ್ಲಗೆ ಕೇಳಿದರು, ತಿಳಿಯನ್ನು ಸಿಂಕಿಗೇ ಬಸಿಯಬಹುದಲ್ಲ ಅಂತ. ಹಳೆಯ ಮನೆಯ ಅಡುಗೆಕೋಣೆಯಲ್ಲಿ ನೀರು ಹೋಗುವ ದಾರಿಯೇ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಕುದಿಯುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಐದು ಮೆಟ್ಟಿಲು ಇಳಿದು ಹೊರಗೆ ಬಸಿದವರು ಅವರು. ಮಳೆ ಬಿಡದ ಒಂದು ಆಟಿ ತಿಂಗಳಲ್ಲಿ ಪಾಚಿಗೆ ಜಾರಿ ಪಾತ್ರೆಯ ಜೊತೆಗೇ ಬಿದ್ದಿದ್ದರು. ಬಲಗಾಲಿನ ಚರ್ಮ ಈಗಲೂ ಸುಕ್ಕುಗಟ್ಟಿದೆ. ಹೊಸ ಮನೆಯಲ್ಲಿ ಅವರು ಟೈಲ್ಸು ಕೇಳಲಿಲ್ಲ, ಕಪಾಟು ಕೇಳಲಿಲ್ಲ, ತಿಳಿ ಹೋಗುವ ಒಂದು ಸಿಂಕು ಕೇಳಿದ್ದರು. ಬಾಯಿಮಾತಿಗೆ ಈ ಗಂಡಸರು ಒಪ್ಪುವುದಿಲ್ಲ, ಕಣ್ಣಿಗೇ ತೋರಿಸಬೇಕು ಅಂತ ನಾನು ಊಟ ಮುಗಿಸಿ ಎದ್ದೆ.

ನಾನು ಅಂಗಳದಲ್ಲಿ ಕಲ್ಲುಗಳನ್ನಿಟ್ಟು ಮೂವತ್ತೆರಡು ಅಡಿ ಒಂದೂವರೆ ಇಂಚಿನ ಪೈಪನ್ನು ಹಾಸಿದೆ. ನಕ್ಷೆಯಲ್ಲಿ ಇದ್ದ ಹಾಗೆಯೇ ಮೂರು ಇಂಚಿನ ಇಳಿಜಾರು, ಒಂದು ನೂಲೂ ಆಚೀಚೆ ಇಲ್ಲ. ದಿನಾ ಮಧ್ಯಾಹ್ನ ಕೆಲಸದವರ ಅನ್ನದ ತಿಳಿಯನ್ನು ರಾಜೀವಿಯಕ್ಕ ಅದರ ಬಾಯಿಗೆ ಹೊಯ್ದರು, ಪಾತ್ರೆ ತೊಳೆದ ನೀರನ್ನೂ ಹೊಯ್ದರು. ನಾನು ಅಷ್ಟರಲ್ಲಿ ಬಚ್ಚಲಿನ ಪೈಪುಗಳನ್ನು ಮುಗಿಸಿದೆ. ಮೊದಲ ನಾಲ್ಕು ದಿನ ಆಚೆ ತುದಿಯಲ್ಲಿ ನೀರು ಬಂತು, ದೇವಿಪ್ರಸಾದ್ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಆರನೆಯ ದಿನ ತೊಟ್ಟಿಕ್ಕಿತು. ಒಂಬತ್ತನೆಯ ದಿನ ಹೊಯ್ದದ್ದೆಲ್ಲ ಈಚೆ ಬಾಯಿಯಿಂದಲೇ ಉಕ್ಕಿ ಬಂತು.

ಗೃಹಪ್ರವೇಶಕ್ಕೆ ಆಗ ನಾಲ್ಕೇ ದಿನ ಉಳಿದಿತ್ತು. ನಾನು ಮಾಸ್ಟ್ರನ್ನೂ ಕಂಟ್ರಾಕ್ಟರನ್ನೂ ಅಂಗಳಕ್ಕೆ ಕರೆದು, ಅವರ ಎದುರೇ ಗರಗಸದಲ್ಲಿ ಪೈಪನ್ನು ಕೊಯ್ದೆ. ಒಳಗೆ ಮೈದಾ ಅಂಟಿನಂಥ ಬಿಳಿ ಮುದ್ದೆ, ಅದಕ್ಕೆ ಮೆತ್ತಿದ ತೆಂಗಿನ ತುರಿ. ಕಿರುಬೆರಳು ಹೋಗುವಷ್ಟೂ ದಾರಿ ಉಳಿದಿರಲಿಲ್ಲ. ವಾಸನೆಗೆ ಮಾಸ್ಟ್ರು ಪಂಚೆಯ ತುದಿಯನ್ನು ಮೂಗಿಗೆ ಹಿಡಿದರು. ಪೂರ್ವದ ಗೋಡೆಗೆ ತೂತು ಹೊಡೆದು ಮೂರು ಇಂಚಿನ ಪೈಪು ಹಾಕುವ, ಹೊರಗೆ ಒಂದು ಇಂಗುಗುಂಡಿ ಮಾಡುವ, ಒಂದೂವರೆ ದಿನದ ಕೆಲಸ ಅಂತ ನಾನು ಹೇಳಿದೆ.

ದೇವಿಪ್ರಸಾದ್ ಮುದ್ದೆಯನ್ನು ಕಡ್ಡಿಯಲ್ಲಿ ಕೆದಕಿ ನೋಡಿದರು. ಒಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಮಾಸ್ಟ್ರ ಕಡೆ ತಿರುಗಿ, ತಿಳಿಯನ್ನು ಸಿಂಕಿಗೆ ಹೊಯ್ಯದಿದ್ದರೆ ಆಯಿತಲ್ಲ ಅಂದರು. ಮಾಸ್ಟ್ರ ಮುಖದಲ್ಲಿ ದೊಡ್ಡ ಭಾರ ಇಳಿದ ಹಾಗೆ ಕಂಡಿತು.

"ಹೌದಲ್ಲ," ಅಂದರು ಅವರು. "ಇಷ್ಟು ವರ್ಷ ಹೊರಗೇ ಚೆಲ್ಲಿದ್ದು. ಇನ್ನೂ ಚೆಲ್ಲಿದರೆ ಏನಾಗ್ತದೆ?"

ಕೆಟ್ಟ ಮನುಷ್ಯ ಅಲ್ಲ ಅವರು. ಹೆಂಡತಿಯ ಹತ್ತಿರ ಜೋರಾಗಿ ಮಾತಾಡಿದ್ದನ್ನು ಆ ಮನೆಯಲ್ಲಿ ನಾನು ಕೇಳಿಲ್ಲ. ಅದಕ್ಕೇ ಆ ಮಾತು ನನಗೆ ಕೆನ್ನೆಗೆ ಹೊಡೆದಂತಾಯಿತು. ಗರಗಸ ನನ್ನ ಕೈಯಲ್ಲೇ ಇತ್ತು. ಏನಾದರೂ ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ರಾಜೀವಿಯಕ್ಕ ಕೈಯಲ್ಲಿದ್ದ ಖಾಲಿ ಪಾತ್ರೆಯನ್ನು ಕೊಯ್ದ ಪೈಪಿನ ಪಕ್ಕದಲ್ಲಿ ಇಟ್ಟರು.

"ಹಾಗಾದರೆ ಗೃಹಪ್ರವೇಶದ ಹಾಲನ್ನೂ ನೀವೇ ಉಕ್ಕಿಸಿ," ಅಂದರು. "ಆ ಗೋಡೆಗೆ ತೂತು ಆಗದೆ ನಾನು ಈ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮುನ್ನೂರು ಜನ ಬಂದು ಕೂತಿರಲಿ, ಭಟ್ಟರು ಕರೆಯಲಿ. ನಾನು ಬರುವುದಿಲ್ಲ."

ಮಾಸ್ಟ್ರು ವಾಸ್ತು ಅಂದರು, ಹಂಚಿ ಮುಗಿದ ಆಮಂತ್ರಣದ ಕಾಗದ ಅಂದರು, ನೆಂಟರು ಏನು ಹೇಳಿಯಾರು ಅಂದರು. ರಾಜೀವಿಯಕ್ಕ ಕೆಲಸದವರ ಅನ್ನ ಬೇಯಿಸುವ ಒಲೆಯಿಂದ ಒಂದು ಮಸಿತುಂಡು ಹೆಕ್ಕಿಕೊಂಡು ಅಡುಗೆಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ಎಲ್ಲಿ ಅಂತ ಕೇಳಿದರು, ತೋರಿಸಿದೆ. ಬಿಳಿ ಗೋಡೆಯ ಮೇಲೆ ತಮ್ಮ ಕೈಯಾರೆ ಒಂದು ವೃತ್ತ ಎಳೆದರು. ಮಾಸ್ಟ್ರು ಬೇಡ ಅನ್ನಲು ಬಾಗಿಲವರೆಗೆ ಬಂದರು, ಹೆಂಡತಿಯ ಮುಖ ನೋಡಿ ಹಿಂದೆ ಸರಿದರು. ನಾನು ಅಪ್ಪಣೆಗೆ ಕಾಯಲಿಲ್ಲ. ಚಾಣವಿಟ್ಟು ಸುತ್ತಿಗೆ ಎತ್ತಿದೆ. ಕೆಂಪು ಕಲ್ಲಿನ ಹುಡಿ ಹೊಸ ನೆಲದ ತುಂಬಾ ಹಾರಿತು.

ತೂತು ಅರ್ಧ ಆಗುವಾಗ ದೇವಿಪ್ರಸಾದ್ ಬಂದು, ಗುರುವಾಯನಕೆರೆಯ ಎಂಟು ಮನೆಗಳಿಗೆ ಬೇರೆ ಜನ ನೋಡುತ್ತೇನೆ ಅಂದರು. ನೋಡಿ ಅಂದೆ. ನಷ್ಟವೇ, ಸುಳ್ಳು ಯಾಕೆ ಹೇಳಲಿ. ಎಂಟು ಮನೆ ಅಂದರೆ ನನಗೆ ಒಂದು ವರ್ಷದ ಕೆಲಸ. ಆದರೆ ಸುತ್ತಿಗೆಯನ್ನು ಕೆಳಗಿಡಲಿಲ್ಲ.

ಹಾಲು ಉಕ್ಕಿತು, ಜನ ಬಂದರು, ಉಂಡರು, ಹೋದರು. ಮೂರನೆಯ ದಿನ, ಅಡುಗೆಭಟ್ಟರ ಪಾತ್ರೆಗಳೆಲ್ಲ ಹಿಂದೆ ಹೋದ ಮೇಲೆ, ರಾಜೀವಿಯಕ್ಕ ಹೊಸ ಒಲೆಯಲ್ಲಿ ಮೊದಲ ಸಲ ಕುಚ್ಚಲಕ್ಕಿ ಇಟ್ಟರು. ನಾನು ಹೊರಗೆ, ಪೂರ್ವದ ಗೋಡೆಯ ಬುಡದಲ್ಲಿ, ಪೈಪಿನ ನೀರು ಬಂದು ಬೀಳುವ ಚೇಂಬರಿನ ಮುಚ್ಚಳ ತೆಗೆದು ಕೂತಿದ್ದೆ. ದಿಕ್ಕಿಗೆ ಏನಾಗುತ್ತದೋ ನೋಡಲು ಮಾಸ್ಟ್ರೂ ಬಂದು ನಿಂತಿದ್ದರು. ಒಳಗೆ ಪಾತ್ರೆ ಬಗ್ಗಿದ ಸದ್ದು ಕೇಳಿತು. ಆಮೇಲೆ ತಿಳಿ ಬಂತು. ಹಬೆಯಾಡುತ್ತಾ, ಬಿಳಿಯಾಗಿ, ಮೂರು ಇಂಚಿನ ಪೈಪಿನಲ್ಲಿ ಎಲ್ಲೂ ತಡೆಯದೆ ಬಂತು. ನಿಲ್ಲುತ್ತದೆ ಅಂದುಕೊಂಡಾಗ ಮತ್ತೆ ಬಂತು. ಮಾಸ್ಟ್ರು ಬಗ್ಗಿ ನೋಡುತ್ತಲೇ ಇದ್ದರು.

"ಒಂದು ಹೊತ್ತಿಗೆ ಇಷ್ಟು ಉಂಟಾ?" ಅಂತ ಕೇಳಿದರು. ನನ್ನನ್ನು ಕೇಳಿದ್ದು.

ಉತ್ತರ ಅಡುಗೆಮನೆಯ ಕಿಟಕಿಯಿಂದ ಬಂತು. "ದಿನಕ್ಕೆ ಎರಡು ಹೊತ್ತು. ಮೂವತ್ತೊಂದು ವರ್ಷ. ನೀವು ಇವತ್ತು ಕೇಳಿದಿರಿ."