ಮೇಲಿನ ಬೀದಿಯ ನೀರು

ಫೋನು ಎರಡನೆಯ ಸಲ ಬಡಿದುಕೊಳ್ಳುವಷ್ಟರಲ್ಲಿ ನೀರಣ್ಣ ಅಡುಗೆಮನೆಯಿಂದ ಹಾರಿ ಬಂದು ಅದನ್ನು ಕಿವಿಗಿಟ್ಟುಕೊಂಡಿದ್ದ. ಅರ್ಧ ಸುಲಿದ ಬಟಾಣಿಕಾಯಿ ಇನ್ನೂ ಕೈಯಲ್ಲೇ ಇತ್ತು.

"ಹಲೋ, ಹೇಳಿ, ಯಾವ ಬೀದಿ?" ಎಂದ.

ಆ ಕಡೆ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಹೆಂಡತಿಯ ಜೊತೆ ಗಾರ್ಮೆಂಟ್ಸಿನಲ್ಲಿ ದುಡಿಯುವ ಗೆಳತಿ. ನಾಳೆ ಮಧ್ಯಾಹ್ನ ಸಿನಿಮಾಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಲು ಮಾಡಿದ್ದಳು. ನೀರಣ್ಣ ಮುಖ ಸಪ್ಪಗೆ ಮಾಡಿಕೊಂಡು ಫೋನನ್ನು ಹೆಂಡತಿಗೆ ದಾಟಿಸಿದ. ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕಾಲು ಇಳಿಬಿಟ್ಟು, ಹಳೆಯ ವಾರಪತ್ರಿಕೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ರಾಣಿಯ ಹಾಗೆ ಕೂತಿದ್ದಳು. "ಬರ್ತೀವಿ ಬರ್ತೀವಿ, ಇವರನ್ನೂ ಎಳ್ಕೊಂಡು ಬರ್ತೀನಿ" ಎಂದು ಗೆಳತಿಗೆ ಹೇಳಿ ಫೋನು ಕೆಳಗಿಟ್ಟಳು.

"ಯಾವ ಬೀದಿ ಅಂತೆ! ರೀ, ನಿಮಗೆ ರಜಾ ಅಂದ್ರೆ ಸಜಾ ಕಣ್ರೀ."

ವರ್ಷದ ಕೊನೆಯ ವಾರ. ಶಾಲೆಗಳಿಗೆ ರಜೆ, ಗಾರ್ಮೆಂಟ್ಸಿಗೂ ರಜೆ. ಹನ್ನೊಂದು ವರ್ಷದಿಂದ ಅಂಗಿಯ ಕಾಲರು ಮಾತ್ರ ಹೊಲಿಯುತ್ತಾ ಬಂದ ಹೆಂಡತಿ ಈ ವಾರಕ್ಕಾಗಿ ಮೂರು ತಿಂಗಳಿಂದ ಕಾಯುತ್ತಿದ್ದಳು. ಎಂಟು ಗಂಟೆಯವರೆಗೆ ನಿದ್ದೆ, ಒಂದು ಸಿನಿಮಾ, ಪಾರ್ಕಿನ ಕೆರೆಯಲ್ಲಿ ಒಂದು ಸಲ ದೋಣಿ, ಗಂಡನ ಜೊತೆ ರಮ್ಮಿ. ಅವಳ ಆಸೆಗಳು ಅಷ್ಟೇ. "ಈ ಸಲ ನೀವೂ ರಜಾ ಹಾಕ್ಲಿಲ್ಲ ಅಂದ್ರೆ ನಾನೊಬ್ಳೇ ಎಲ್ಲಾದ್ರೂ ಹೋಗ್ಬಿಡ್ತೀನಿ" ಎಂದಿದ್ದಳು. ತಮಾಷೆಯ ಮಾತೇ. ಆದರೆ ಹೇಳುವಾಗ ಅವಳು ನಕ್ಕಿರಲಿಲ್ಲ. ನೀರಣ್ಣ ಮಾರನೆಯ ದಿನವೇ ಅರ್ಜಿ ಕೊಟ್ಟ.

ನೀರಣ್ಣ ಎಂಬುದು ಅವನ ಹೆಸರಲ್ಲ. ಹನ್ನೊಂದು ಬೀದಿಯ ಜನ ಇಟ್ಟದ್ದು. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಜಾವ ಎದ್ದು, ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು, ರಸ್ತೆಯಂಚಿನ ಗುಂಡಿಗಳ ಮುಚ್ಚಳ ಎತ್ತಿ, ಒಳಗಿನ ವಾಲ್ವ್ ತಿರುಗಿಸಿ ಒಂದೊಂದೇ ಬೀದಿಗೆ ನೀರು ಬಿಡುವುದು ಅವನ ಕೆಲಸ. ಜ್ವರ ಬಂದಾಗಲೂ ಹೋಗಿದ್ದ. ನಾದಿನಿಯ ಮದುವೆಗೂ ನೀರು ಬಿಟ್ಟು ಬಂದೇ ಊಟಕ್ಕೆ ಕೂತಿದ್ದ. ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ.

ಅವನ ಜಾಗಕ್ಕೆ ಈ ವಾರ ಬಂದವಳು ಮೀಟರಮ್ಮ. ನೀರಿನ ಮೀಟರು ಓದುವ ಕೆಲಸದವಳು, ನಲವತ್ತರ ಆಸುಪಾಸು, ಮಾತು ಕಡಿಮೆ, ಬರೆದುಕೊಳ್ಳುವುದು ಹೆಚ್ಚು. ಶನಿವಾರ ಇಬ್ಬರೂ ಬೀದಿ ಬೀದಿ ಸುತ್ತಿದರು. ಎಷ್ಟು ಸುತ್ತು, ಎಷ್ಟು ಹೊತ್ತು, ಯಾವ ಮುಚ್ಚಳದ ಕೆಳಗೆ ಜೇನುಹುಳ ಗೂಡು ಕಟ್ಟಿದೆ, ಎಲ್ಲವನ್ನೂ ಅವನು ಹೇಳಿದ. ಕೊನೆಗೆ ದಿಬ್ಬದ ಮೇಲಿನ ಬೀದಿಗೆ ಬಂದರು. ನೀರಣ್ಣ ಮುಚ್ಚಳ ಎತ್ತಿ, "ಇದು ಮೇಲಿನ ಬೀದೀದು. ಆರಕ್ಕೆ ಬಿಡ್ಬೇಕು, ಏಳೂವರೆಗೆ ನಿಲ್ಲಿಸ್ಬೇಕು" ಎಂದು ಹೇಳಿ ಮುಚ್ಚಳ ಮುಚ್ಚಿಬಿಟ್ಟ.

ಹೇಳಬೇಕಾದದ್ದು ಇನ್ನೊಂದಿತ್ತು. ಎಲ್ಲ ವಾಲ್ವ್‌ಗಳೂ ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಮೇಲಿನ ಬೀದಿಯದು ಮಾತ್ರ ಉಲ್ಟಾ. ಯಾವುದೋ ಕಾಲದಲ್ಲಿ ಯಾರೋ ಬೇರೆ ತರಹದ್ದು ತಂದು ಕೂರಿಸಿದ್ದರು. ಆ ಸಂಗತಿ ಯಾವ ಕಾಗದದಲ್ಲೂ ಇರಲಿಲ್ಲ, ನೀರಣ್ಣನ ಕೈಗೆ ಮಾತ್ರ ಗೊತ್ತಿತ್ತು.

ಮರೆತೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಮರೆತಿರಲಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು, ಅವನೇ ನುಂಗಿದ್ದ. ಒಂದೇ ಒಂದು ಫೋನು ಬರಲಿ ಎಂಬುದಷ್ಟೇ ಅವನ ಆಸೆ. ಅಣ್ಣಾ, ಮೇಲಿನ ಬೀದಿಗೆ ನೀರು ಹತ್ತುತ್ತಿಲ್ಲ, ನೀವೇ ಬರಬೇಕು ಎಂದು ಒಂದು ಮಾತು. ಹತ್ತು ನಿಮಿಷದಲ್ಲಿ ಹೋಗಿ ಸರಿಮಾಡಿ ಬರುತ್ತಿದ್ದ. ಯಾರಿಗೂ ನಷ್ಟವಿಲ್ಲ. ಆಮೇಲೆ ಹಾಯಾಗಿ ರಮ್ಮಿ ಆಡಬಹುದಿತ್ತು.

ಆದರೆ ಸೋಮವಾರ ಫೋನು ಬರಲಿಲ್ಲ. ಮಂಗಳವಾರ ಬಂದದ್ದು ಇದೊಂದು ಸಿನಿಮಾದ ಫೋನು.

ಫೋನು ಬಾರದ್ದಕ್ಕೆ ಒಂದೊಂದು ಗಳಿಗೆ ಒಂದೊಂದು ಕಾರಣ ಹೊಳೆಯುತ್ತಿತ್ತು. ಮೀಟರಮ್ಮನಿಗೇ ಗೊತ್ತಾಗಿರಬಹುದು ಎನಿಸಿದರೆ, ಇನ್ನು ತನ್ನನ್ನು ಕರೆಯುವವರು ಯಾರು ಎಂದು ಮನಸ್ಸು ಕೇಳುವುದು. ಗೊತ್ತಾಗಿರಲಿಕ್ಕಿಲ್ಲ ಎನಿಸಿದರೆ ಮೇಲಿನ ಬೀದಿಯ ಇಪ್ಪತ್ತು ಮನೆ, ಮನೆ ತುಂಬ ರಜೆಗೆ ಬಂದ ನೆಂಟರು, ಖಾಲಿ ಬಕೆಟ್ಟುಗಳು ಕಣ್ಣ ಮುಂದೆ ಬರುವುವು. ಎರಡೂ ಕಡೆಯಿಂದ ಸುಖವಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬಟಾಣಿ ಸುಲಿದು ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕಿದ. ರಮ್ಮಿಯಲ್ಲಿ ಕೈಗೆ ಬಂದ ಜೋಕರನ್ನು ಎತ್ತಿ ಎಸೆದ. ಹೆಂಡತಿ ಅದನ್ನೇ ಎತ್ತಿಕೊಂಡು ಆಟ ಮುಗಿಸಿ, ಗೆದ್ದ ಖುಷಿಯಿಲ್ಲದೆ ಅವನ ಮುಖ ನೋಡಿದಳು.

ಬುಧವಾರ ಸಿನಿಮಾಕ್ಕೆ ಹೋದರು. ತೆರೆಯ ಮೇಲೆ ನಾಯಕ ಮನೆಯವರನ್ನೆಲ್ಲ ಕಳೆದುಕೊಂಡು ಬೀದಿ ನಲ್ಲಿಯ ಕೆಳಗೆ ತಲೆಯಿಟ್ಟು ಅಳುತ್ತಿದ್ದ. ಅಕ್ಕಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಳ್ಳೆ ಪ್ರೆಷರ್ ಇದೆ" ಎಂದ ನೀರಣ್ಣ.

ಹೆಂಡತಿ ಮೊಣಕೈಯಿಂದ ತಿವಿದಳು. ಮಧ್ಯಂತರದಲ್ಲಿ ಮೂತ್ರಕ್ಕೆಂದು ಹೋದವನು, ಅಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಕರವಸ್ತ್ರದ ಅಂಚು ಹರಿದು ಸುತ್ತಿ, ಬಿಗಿ ಮಾಡಿ ಬರುವಷ್ಟರಲ್ಲಿ ಎರಡು ಹಾಡು ಮುಗಿದಿದ್ದವು.

"ಸಿನಿಮಾ ನೋಡೋಕೆ ಬಂದ್ರೋ, ನಲ್ಲಿ ನೋಡೋಕೆ ಬಂದ್ರೋ?" ಎಂದಳು ಮನೆಗೆ ನಡೆಯುವಾಗ. ಸ್ವಲ್ಪ ದೂರ ನಡೆದು ಮತ್ತೆ ಅಂದಳು: "ಅಜ್ಜಿ ಕೋಳಿ ಕೂಗದಿದ್ರೂ ಬೆಳಗಾಗುತ್ತೆ ರೀ. ನೀವಿಲ್ದಿದ್ರೂ ನೀರು ಬರುತ್ತೆ. ಮೀಟರಮ್ಮನಿಗೆ ಎಲ್ಲಾ ಹೇಳಿಕೊಟ್ಟಿದ್ದೀರಿ ತಾನೇ?"

"ಹೇಳಿದ್ದೀನಿ ಅಂದ್ನಲ್ಲ! ಎಷ್ಟು ಸಲ ಹೇಳೋದು?"

ಅವಳು ಕೇಳಿದ್ದು ಅದೇ ಮೊದಲ ಸಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ನಿಂತು ಅವನನ್ನು ಒಂದು ಗಳಿಗೆ ನೋಡಿದಳು, ಮುಂದೆ ನಡೆದಳು. ಅವಳು ಬೈದಿದ್ದರೆ ವಾಸಿಯಿತ್ತು.

ಗುರುವಾರ ಬೆಳಿಗ್ಗೆ ಏಳಕ್ಕೆ ಅಂಗಿ ತೊಟ್ಟು ಬಾಗಿಲು ತೆರೆದ.

"ಎಲ್ಲಿಗೆ?" ಹಾಸಿಗೆಯಿಂದಲೇ ಕೇಳಿದಳು.

"ಹಾಲು ತರ್ತೀನಿ."

"ಹಾಲಿದೆ."

"ಇನ್ನೊಂದಿರ್ಲಿ" ಎಂದು ಹೊರಟೇಬಿಟ್ಟ.

ದಿಬ್ಬ ಹತ್ತುವಾಗಲೇ ಮೀಟರಮ್ಮ ಕಂಡಳು. ಗುಂಡಿಯ ಪಕ್ಕ ಮಂಡಿಯೂರಿ ಕೂತು ಏಳೂವರೆಗಾಗಿ ಕಾಯುತ್ತಿದ್ದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಬಿಗಿದು ಕಟ್ಟಿತ್ತು. ಬೀದಿಯುದ್ದಕ್ಕೂ ಮನೆಗಳೊಳಗೆ ನೀರು ಬೀಳುವ ಸದ್ದು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ನೀರಣ್ಣ ಹೆಜ್ಜೆ ನಿಲ್ಲಿಸಿದ.

"ಅಣ್ಣಾ! ನೀವ್ಯಾಕೆ ಬಂದ್ರಿ? ರಜಾ ಅಲ್ವಾ?"

"ಸುಮ್ನೆ, ಈ ಕಡೆ ಬಂದಿದ್ದೆ. ಕೈಗೇನಾಯ್ತು?"

"ಉಳುಕಿದೆ, ಅಷ್ಟೇ. ಈ ಪುಣ್ಯಾತ್ಮನದ್ದೇ ಕೆಲಸ." ಗುಂಡಿಯ ಕಡೆ ಕಣ್ಣಲ್ಲೇ ತೋರಿಸಿ ನಕ್ಕಳು. "ಇದು ಉಲ್ಟಾ ಅಂತ ನೀವು ಹೇಳಿದ್ದು ಬರ್ಕೊಳ್ಳೋದನ್ನೇ ಮರ್ತಿದ್ದೀನಿ ನೋಡಿ. ಸೋಮವಾರ ಎಡಕ್ಕೆ ತಿರುಗಿಸ್ದೆ, ತಿರುಗಲ್ಲ. ಜಾಮ್ ಆಗಿದೆ ಅಂತ ಜೋತುಬಿದ್ದೆ, ಕೈ ಹೋಯ್ತು. ಮಂಗಳವಾರಾನೂ ಅದೇ ಕಥೆ. ಎರಡು ದಿನ ಇಡೀ ಬೀದಿಗೆ ಹನಿ ನೀರಿಲ್ಲ ಅಣ್ಣಾ. ನಿನ್ನೆ ಸಿಟ್ಟಿಗೆ, ಏನಾದ್ರೂ ಆಗ್ಲಿ ಅಂತ ಬಲಕ್ಕೆ ತಿರುವಿದೆ, ಬೆಣ್ಣೆ ತರ ತಿರುಗ್ತು!"

"ಫೋನ್ ಮಾಡ್ಬೇಕಿತ್ತು."

"ಮಾಡೋಣ ಅಂತ ಎರಡು ಸಲ ಕೈಗೆ ತಗೊಂಡೆ. ಇಪ್ಪತ್ತೆರಡು ವರ್ಷಕ್ಕೆ ಒಂದು ರಜಾ, ಅತ್ತಿಗೆ ಎಷ್ಟು ಆಸೆ ಇಟ್ಕೊಂಡಿದ್ದಾರೋ, ನನ್ನ ಮರೆವಿಗೆ ಅವರಿಗ್ಯಾಕೆ ತೊಂದ್ರೆ ಅಂತ ಬಿಟ್ಟೆ."

ಅವಳು ತನ್ನ ಪಾಡಿಗೆ ತಾನು ಹೇಳುತ್ತಲೇ ಇದ್ದಳು. ಎರಡು ದಿನವೂ ಕೆಳಗಿನ ಬೀದಿಯಿಂದ ಕೊಡದಲ್ಲಿ ನೀರು ಹೊತ್ತು, ಒಬ್ಬರೇ ಇರುವ ಮೇಷ್ಟ್ರಿಗೆ ತಂದುಕೊಟ್ಟಳಂತೆ. ಹಸಿರು ಗೇಟಿನ ಮನೆಯಾಕೆ ಎಲ್ಲರೆದುರು, ಓದು ಬರಹ ಬಂದ್ರೆ ಸಾಲ್ದು, ತಲೇಲಿ ಬುದ್ಧಿ ಇರ್ಬೇಕು ಅಂದಳಂತೆ. ಆಫೀಸಿನಿಂದ ಸಾಹೇಬರೂ ಕೂಗಾಡಿದರಂತೆ. "ನೀರಣ್ಣ ಎಲ್ಲಾ ಹೇಳಿಕೊಟ್ಟಿದ್ರು, ತಪ್ಪು ನನ್ನದೇ ಅಂದೆ" ಎಂದಳು.

"ನಾನು ಹೇಳಿರ್ಲಿಲ್ಲ" ಎಂದ ನೀರಣ್ಣ.

"ಆಂ?"

"ಇದು ಉಲ್ಟಾ ಅಂತ ನಾನು ನಿಮಗೆ ಹೇಳ್ಲೇ ಇಲ್ಲ. ನೀವು ಮರ್ತಿಲ್ಲ."

ಅವಳು ತಲೆಯೆತ್ತಿದಳು. "ನಿಮಗೆ ಮರ್ತುಹೋಯ್ತಾ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳೇ ಬಾಗಿಲು ತೆರೆದುಕೊಟ್ಟಿದ್ದಳು. ನೀರಣ್ಣ ಅವಳ ಮಣಿಕಟ್ಟಿನ ಬಟ್ಟೆಯನ್ನು ನೋಡಿದ.

"ಇಲ್ಲ. ಬೇಕಂತಲೇ ಹೇಳ್ಲಿಲ್ಲ. ನೀವು ಫೋನ್ ಮಾಡಿ ನನ್ನ ಕರೀಲಿ ಅಂತ."

ಮೀಟರಮ್ಮ ಕೈಗಡಿಯಾರ ನೋಡಿದಳು. ಏಳೂವರೆಯಾಗಿತ್ತು. ಉಳುಕಿದ ಕೈಯನ್ನು ಕೀಲಿಯ ಮೇಲೆ ಆಸರೆಗಷ್ಟೇ ಇಟ್ಟು, ಎಡಗೈ ಬಲದಿಂದ ಕೀಲಿ ತಿರುಗಿಸಿ ನೀರು ನಿಲ್ಲಿಸಿದಳು. ಮನೆಗಳೊಳಗಿನ ಸದ್ದು ಒಂದೊಂದಾಗಿ ಅಡಗಿತು. ನೀರಣ್ಣ ಮುಚ್ಚಳ ಎತ್ತಿಡಲು ಬಗ್ಗಿದ.

"ಬೇಡ. ನೀವು ರಜಾದಲ್ಲಿದ್ದೀರಿ."

"ಸೋಮವಾರ ಸಾಹೇಬರಿಗೂ ನಾನೇ ಹೇಳ್ತೀನಿ. ನನ್ನದು ದೊಡ್ಡ ತಪ್ಪಾಯ್ತು."

"ನನ್ನ ಹತ್ರ ಹೇಳಿ ಏನು ಬಂತು ಅಣ್ಣಾ?" ಅವಳ ದನಿ ಏರಲಿಲ್ಲ. "ಎಲ್ಲರೆದುರು ನನ್ನನ್ನ ಬೈದದ್ದು ಈ ಬೀದಿಯವರಲ್ವಾ." ಮುಚ್ಚಳವನ್ನು ಕಾಲಿನಿಂದ ಸರಿಸಿ ಕೂರಿಸಿದಳು, ಕೀಲಿಯನ್ನು ಎಡ ಹೆಗಲಿಗೇರಿಸಿಕೊಂಡು ದಿಬ್ಬ ಇಳಿದು ಹೋದಳು. ತಿರುಗಿ ನೋಡಲಿಲ್ಲ.

ನೀರಣ್ಣ ನಡುಬೀದಿಯಲ್ಲಿ ನಿಂತ. ಕೆಳಕ್ಕಿಳಿದರೆ ಹಾಲಿನಂಗಡಿ, ಮನೆ, ಹೆಂಡತಿ, ಇನ್ನೂ ಮೂರು ದಿನದ ರಜೆ. ಕಾಲು ಆ ಕಡೆಗೇ ಎಳೆಯುತ್ತಿತ್ತು. ಹತ್ತು ಹೆಜ್ಜೆ ಇಳಿದ, ನಿಂತ, ಮತ್ತೆ ಹತ್ತಿ ಬಂದು ಹಸಿರು ಗೇಟಿನ ಚಿಲಕ ಸರಿಸಿದ.

ಮನೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವನನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಯ್ಯೋ ನೀರಣ್ಣ! ಬಂದ್ರಾ? ದೇವರು ಬಂದ ಹಾಗಾಯ್ತು ನೋಡಿ. ನೀವಿಲ್ದೆ ಎರಡು ದಿನ ನಾವು ಪಟ್ಟ ಪಾಡು ನಾಯಿಗೂ ಬೇಡ. ಮನೆ ತುಂಬ ನೆಂಟರು, ಕೈ ತೊಳೆಯೋಕೂ ನೀರಿಲ್ಲ. ಆ ಹೆಂಗಸಿಗೆ ಏನೂ ಗೊತ್ತಿಲ್ಲ. ಯಾರು ಬಂದ್ರೂ ನಿಮ್ಮ ಹಾಗೆ ಆಗುತ್ತಾ ಹೇಳಿ? ಏ, ಬನ್ರೇ ಇಲ್ಲಿ, ನೀರಣ್ಣ ಬಂದಿದ್ದಾರೆ!"

ನಾಲ್ಕು ದಿನದಿಂದ ಅವನು ಕಾದದ್ದು ಈ ಮಾತಿಗೇ. ಒಂದಕ್ಷರ ಕಡಿಮೆಯಿಲ್ಲದೆ ಬಂದಿತ್ತು. ಒಳಗಿನಿಂದ ಸೊಸೆ, ನೆಂಟರು, ಪಕ್ಕದ ಮನೆಯಾಕೆ ಎಲ್ಲರೂ ಬಂದು ನಿಂತು ನಗುತ್ತಾ ಅವನನ್ನು ನೋಡಿದರು.

"ತಪ್ಪು ಅವರದ್ದಲ್ಲಮ್ಮ" ಎಂದ ನೀರಣ್ಣ. ಪೂರ್ತಿ ಹೇಳಿದ. ವಾಲ್ವ್ ಉಲ್ಟಾ ಇರುವುದನ್ನು, ತಾನು ಅದನ್ನು ಮುಚ್ಚಿಟ್ಟದ್ದನ್ನು, ಯಾಕೆ ಮುಚ್ಚಿಟ್ಟೆ ಎಂಬುದನ್ನೂ. ಹೇಳುವಾಗ ಅವಳ ಮುಖ ನೋಡಲಿಲ್ಲ, ಗೇಟಿನ ಸರಳು ನೋಡಿದ.

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಿಡಿದಳು. ನೆಂಟರು ಒಬ್ಬರ ಹಿಂದೊಬ್ಬರು ಒಳಗೆ ಹೋದರು.

"ನಾನು ಆಯಮ್ಮನಿಗೆ ಏನೇನೋ ಅಂದುಬಿಟ್ನಲ್ಲ" ಎಂದಳು ಹಸಿರು ಗೇಟಿನಾಕೆ ಕೊನೆಗೆ. ಅದನ್ನು ಅವನಿಗೆ ಹೇಳಿದಂತಿರಲಿಲ್ಲ. ಆಮೇಲೆ ಅವಳೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀರಣ್ಣ ಗೇಟು ಮುಚ್ಚಿ ಚಿಲಕ ಸರಿಸಿದ. ಇನ್ನೂ ಹತ್ತೊಂಬತ್ತು ಮನೆಗಳಿದ್ದವು. ಮುಂದಿನ ಮನೆಯ ಜಗಲಿಯಲ್ಲಿ ಮೇಷ್ಟ್ರು ಕನ್ನಡಕ ಏರಿಸಿ ಇವನನ್ನು ಗುರುತು ಹಿಡಿದಿದ್ದರು. ಬೊಚ್ಚುಬಾಯಿ ತುಂಬ ನಗುತ್ತಾ, ಕೈ ಮುಂದೆ ಚಾಚಿ, ಕುರ್ಚಿಯಿಂದ ಆಗಲೇ ಮೆಲ್ಲಗೆ ಏಳುತ್ತಿದ್ದರು.